ಮಲೆನಾಡಿಗೆ ‘ಹೊಂಜು’ ಎಷ್ಟು ಒಪ್ಪುತ್ತದೆ?

ಮಾನ್ಯರೆ,

ದೀಪಾವಳಿ ಕಳೆಯುತ್ತಿದ್ದಂತೆ ದೆಹಲಿಯ ಸುದ್ದಿಯ ಜೊತೆಗೆ ನಮ್ಮ ಪತ್ರಿಕೆಗಳಲ್ಲಿ ‘ಹೊಂಜು’ ಎಂಬ ಪದ ಕಾಣಿಸಿಕೊಳ್ಳುತ್ತದೆ. ‘ಹೊಗೆ’ಯ ತಲೆಗೆ ‘ಮಂಜಿ’ನ ಬಾಲವನ್ನು ಜೋಡಿಸಿ, ಇಂಗ್ಲಿಷಿನ ‘ಸ್ಮಾಗ್’ನ ಮಾದರಿಯಲ್ಲಿಯೇ ಕಟ್ಟಿದ ಪದವಿದು. ‘ಸ್ಮಾಗ್’ ಪದವನ್ನು ಬಳಕೆಗೆ ತಂದ ಕೀರ್ತಿ ಸಾಮಾನ್ಯವಾಗಿ ಲಂಡನ್ನಿನ ವೈದ್ಯ ಹೆನ್ರಿ ಡೆ ವೊ ಅವರಿಗೆ ಸಲ್ಲುತ್ತದೆ. 1905ರಲ್ಲಿ ಅದನ್ನು ಸಭೆಯೊಂದರ ಮುಂದಿಟ್ಟ ಅವರು ಕಲ್ಲಿದ್ದಲ ಹೊಗೆಯ ವಿರುದ್ಧ ಕೆಲಸ ಮಾಡುತ್ತಿದ್ದ ಸಂಘಕ್ಕೆ ಸೇರಿದ್ದವರು. ಹಾಗಾಗಿ ಆ ಪದದಲ್ಲಿ ಮೊದಲಿನಿಂದಲೂ ಒಂದು ದೂರು ಇದೆ. ಮಂಜಿಗೆ ಯಾರನ್ನೂ ಹೊಣೆ ಮಾಡಲಾಗದು. ಹೊಗೆಗಾದರೆ ಒಲೆಯೊಂದಿರುತ್ತದೆ, ಒಲೆಗೆ ಯಜಮಾನನಿರುತ್ತಾನೆ.

ಆ ದೂರಿಗೆ ಕಾನೂನಿನ ಬಲ ಬರುವುದಕ್ಕೆ ಅರ್ಧ ಶತಮಾನ ಹಿಡಿಯಿತು. 1952ರ ಡಿಸೆಂಬರ್ 5ರಿಂದ ಐದು ದಿನ ಲಂಡನ್ನಿನ ಮೇಲೆ ಕವಿದ ಹೊಂಜಿಗೆ ಸುಮಾರು 4000 ಜನ ಬಲಿಯಾದರೆಂದು ಆಗ ಲೆಕ್ಕ ಹಾಕಲಾಯಿತು. ಈಚಿನ ಅಂದಾಜುಗಳು 12,000ದವರೆಗೂ ಹೋಗುತ್ತವೆ. ಶುದ್ಧ ಗಾಳಿಯ ಕಾಯ್ದೆ ಬಂದದ್ದು 1956ರಲ್ಲಿ. ಅಷ್ಟರಲ್ಲಿ ಪದದ ಅರ್ಥವೇ ಹಿಗ್ಗಿತ್ತು. ಲಾಸ್ ಏಂಜಲೀಸಿನಲ್ಲಿ ಕಣ್ಣು ಉರಿಸುತ್ತಿದ್ದ ಕಂದು ಮಬ್ಬಿಗೂ ಜನ ‘ಸ್ಮಾಗ್’ ಎಂದೇ ಕರೆದರು. ವಾಹನಗಳು ಉಗುಳುವ ನೈಟ್ರೋಜನ್ ಆಕ್ಸೈಡುಗಳು ಮತ್ತು ಹೈಡ್ರೋಕಾರ್ಬನ್ನುಗಳು ಬಿಸಿಲಿನಲ್ಲಿ ವರ್ತಿಸಿ ಓಝೋನ್ ಆಗುವುದೇ ಅದರ ಮೂಲವೆಂದು ವಿಜ್ಞಾನಿ ಹಾಗೆನ್ ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅದಕ್ಕೆ ಮಂಜು ಬೇಕಿಲ್ಲ, ಬಿಸಿಲು ಬೇಕು.

ಈಗ ನಮ್ಮ ಕಡೆಗೆ ಬರೋಣ. ಮಲೆನಾಡಿನ ಕಿವಿಗೆ ‘ಹೊಂಜು’ ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ. ಹೊಂಬಾಳೆ, ಹೊಂಬಿಸಿಲುಗಳಲ್ಲಿ ‘ಹೊಂ’ ಎಂದರೆ ಹೊನ್ನು; ತೋಟದವರಿಗೆ ಈ ಹೊಸ ಪದವೂ ಏನೋ ಚಿನ್ನದಂಥದ್ದೆಂದು ತೋರಿದರೆ ಅಚ್ಚರಿಯಿಲ್ಲ. ಅದಕ್ಕಿಂತ ದೊಡ್ಡ ತೊಡಕು, ಬೆಳಗಿನ ಹೊತ್ತು ಬೆಳ್ಳಗೆ ಕಂಡದ್ದೆಲ್ಲವೂ ನಮಗೆ ಮಂಜೇ ಆಗಿರುವುದು.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೀರ್ಥಹಳ್ಳಿಯ ಕಡೆಯಿಂದ ಶಿವಮೊಗ್ಗಕ್ಕೆ ಬರುವಾಗ ರಸ್ತೆಯಂಚನ್ನು ಗಮನಿಸಿ. ಸುಲಿದ ಅಡಿಕೆಯ ಸಿಪ್ಪೆಯನ್ನು ಅಲ್ಲಲ್ಲಿ ರಾಶಿ ಸುರಿದು, ಒಂದು ಬದಿಗೆ ಬೆಂಕಿ ತಾಗಿಸಿ ಹೋಗಿರುತ್ತಾರೆ. ಹಸಿ ಸಿಪ್ಪೆ ಧಗಧಗನೆ ಉರಿಯುವುದಿಲ್ಲ. ಮೇಲ್ಪದರ ಕಪ್ಪಾಗಿ, ಒಳಗೆ ಕೆಂಡ ಕನಲುತ್ತ, ದಿನಗಟ್ಟಲೆ ಬೂದುಬಣ್ಣದ ಹೊಗೆಯನ್ನು ಬಿಡುತ್ತದೆ. ಹೀಗೆ ಅರೆಬರೆ ಸುಡುವ ಬೆಂಕಿಯಿಂದಲೇ ಸೂಕ್ಷ್ಮ ಕಣಗಳು ಹೆಚ್ಚಾಗಿ ಹೊರಬೀಳುತ್ತವೆ. ಚಳಿಗಾಲದ ಇರುಳಿನಲ್ಲಿ ನೆಲ ಬೇಗ ತಣ್ಣಗಾಗುವುದರಿಂದ ಕೆಳಗಿನ ತಂಪು ಗಾಳಿಯ ಮೇಲೆ ಬಿಸಿ ಗಾಳಿ ಮುಚ್ಚಳದಂತೆ ಕೂರುತ್ತದೆ. ಸುತ್ತ ಗುಡ್ಡಗಳಿರುವ ಕಣಿವೆಯಲ್ಲಿ ಆ ಹೊಗೆ ಮೇಲಕ್ಕೂ ಹೋಗಲಾರದು, ಪಕ್ಕಕ್ಕೂ ಸರಿಯಲಾರದು. ಬೆಳಗ್ಗೆ ತುಂಗೆಯ ದಂಡೆಯ ತೇವ ಅದರ ಜೊತೆ ಸೇರಿದಾಗ ಉಂಟಾಗುವುದು ನಿಜವಾದ ಹೊಂಜು. ಅದನ್ನು ‘ಇವತ್ತು ಮಂಜು ಜಾಸ್ತಿ’ ಎಂದುಬಿಟ್ಟರೆ ಬೆಂಕಿ ಹಚ್ಚಿದವರು ಮಾತಿನಿಂದಲೇ ಪಾರಾಗುತ್ತಾರೆ.

ಶಿವಮೊಗ್ಗ ದೆಹಲಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅತಿಶಯ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ಮಿತಿಯೊಳಗಿಲ್ಲದ ನಗರಗಳ ಪಟ್ಟಿಯಲ್ಲಿ ಪಕ್ಕದ ದಾವಣಗೆರೆ ಇದೆ, ನಮ್ಮೂರು ಇಲ್ಲ. ಆದರೆ ಉಸಿರಾಡುವುದು ಊರಿನ ಸರಾಸರಿಯನ್ನಲ್ಲ, ಮನೆಯೆದುರಿನ ಗಾಳಿಯನ್ನು. ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳ ವಾರ್ಷಿಕ ಸರಾಸರಿ ಮಿತಿಯನ್ನು ನಮ್ಮ ದೇಶ ಘನಮೀಟರಿಗೆ 40 ಮೈಕ್ರೊಗ್ರಾಂ ಎಂದು ನಿಗದಿ ಮಾಡಿದ್ದರೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಶಿಫಾರಸಿನ ಮಿತಿಯನ್ನು 5ಕ್ಕೆ ಇಳಿಸಿದೆ.

ಬಳಕೆಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ತೇವ ಮತ್ತು ಹೊಗೆ ಎರಡೂ ಬೆರೆತಿದ್ದರೆ ‘ಹೊಂಜು’ ಎನ್ನೋಣ. ಒಣ ದೂಳಿನ ಮಸುಕಿಗೆ ‘ಮಬ್ಬು’ ಸಾಕು. ಆಗುಂಬೆಯ ಮಳೆಗಾಲದ ಮುಸುಕು ಮಂಜಾಗಿಯೇ ಉಳಿಯಲಿ. ಸಂಜೆ ಆರಕ್ಕೆ ಸಿಪ್ಪೆಯ ರಾಶಿಯಿಂದ ಏಳುವುದಕ್ಕೆ ಮಾತ್ರ ಹೊಸ ಪದದ ಅಗತ್ಯವೇ ಇಲ್ಲ. ಪಂಚಾಯಿತಿಗೆ ಕೊಡುವ ಅರ್ಜಿಯಲ್ಲಿ ಅದನ್ನು ‘ಹೊಗೆ’ ಎಂದೇ ಬರೆಯಬೇಕು, ಎಲ್ಲಿಂದ ಬರುತ್ತಿದೆ ಎಂಬುದನ್ನೂ ಸೇರಿಸಬೇಕು.