ಗಂಟಿನಿಂದ ಮೂಳೆಗೆ: ಸ್ತನ ಕ್ಯಾನ್ಸರ್ ಹರಡುವ ದಾರಿ

ಎಲ್ಲರಿಗೂ ನಮಸ್ಕಾರ. ಜೀನ್ ಅಂದಕೂಡಲೇ ಅಪ್ಪ ಅಮ್ಮನಿಂದ ಬಂದದ್ದು ಅಂದುಕೊಳ್ಳುತ್ತೇವೆ, ಅಲ್ವಾ? ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ. ನಾನು ಇವತ್ತು ಹೇಳಲು ಹೊರಟಿರುವುದು ಅದನ್ನಲ್ಲ. ಜೀವಕೋಶಕ್ಕೆ ಹೊರಗಿನಿಂದ ಸಂದೇಶ ಬರುತ್ತದೆ, ಒಳಗೆ ಯಾವುದೋ ಜೀನ್ ಎಚ್ಚರಗೊಳ್ಳುತ್ತದೆ, ಇನ್ಯಾವುದೋ ಮಲಗುತ್ತದೆ. ಆ ಸಂದೇಶಗಳ ವಿಷಯ.

ಗಂಟು ಸ್ತನದಲ್ಲೇ ಇದ್ದರೆ ಸಾಮಾನ್ಯವಾಗಿ ಜೀವ ಹೋಗುವುದಿಲ್ಲ. ಹರಡಿದಾಗಲೇ ಕಷ್ಟ. ಹರಡುವುದೂ ಎಲ್ಲೆಂದರಲ್ಲಿ ಅಲ್ಲ. ಜಾಸ್ತಿ ಹೋಗುವುದು ಮೂಳೆ, ಶ್ವಾಸಕೋಶ, ಯಕೃತ್ತು, ಮೆದುಳಿಗೆ. 1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪೇಜೆಟ್, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಹೆಂಗಸರ ದಾಖಲೆ ತೆಗೆದು ನೋಡಿದರು. ಯಕೃತ್ತಿನಲ್ಲಿ ಗಂಟುಗಳು ಎಷ್ಟೋ ಇದ್ದವು, ಗುಲ್ಮದಲ್ಲಿ ತೀರಾ ಕಡಿಮೆ. ರಕ್ತವೇನೋ ಎರಡಕ್ಕೂ ಹರಿಯುತ್ತದೆ! ಬೀಜ ಬಿದ್ದರೆ ಸಾಲದು, ಮಣ್ಣೂ ಒಗ್ಗಬೇಕು ಎಂದರು ಅವರು.

ಬೀಜ, ಅಂದರೆ ಕ್ಯಾನ್ಸರ್ ಜೀವಕೋಶ, ಮೊದಲು ಗಂಟಿನಿಂದ ಬಿಡಿಸಿಕೊಳ್ಳಬೇಕು. ಇಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಬರುತ್ತದೆ. ನನಗೆ ಈ ಇಡೀ ಕಥೆಯಲ್ಲಿ ಇದೇ ಅತಿ ವಿಚಿತ್ರ ಪಾತ್ರ. ಆರೋಗ್ಯವಾದ ಸ್ತನದ ಜೀವಕೋಶಕ್ಕೆ ಅದು ಹೇಳುವುದು: ಸಾಕು, ಇನ್ನು ಬೆಳೆಯಬೇಡ. ಕ್ಯಾನ್ಸರ್ ಬಲಿಯುತ್ತಾ ಹೋದಂತೆ ಜೀವಕೋಶ ಆ 'ಸಾಕು' ಎಂಬ ಮಾತಿಗೆ ಕಿವುಡಾಗುತ್ತದೆ. ಅದೇ ಸಂದೇಶದ ಉಳಿದ ಅರ್ಥ ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಸ್ನೇಲ್, ಟ್ವಿಸ್ಟ್ ಎಂಬ ಜೀನ್‌ಗಳು ಚುರುಕಾಗುತ್ತವೆ. ಪಕ್ಕದ ಜೀವಕೋಶವನ್ನು ಹಿಡಿದುಕೊಳ್ಳುವ ಇ-ಕ್ಯಾಡ್ಹೆರಿನ್ ಕಡಿಮೆಯಾಗುತ್ತದೆ. ಒತ್ತಾಗಿ ಸಾಲಿನಲ್ಲಿ ನಿಂತಿದ್ದ ಜೀವಕೋಶ ಉದ್ದಕ್ಕೆ ಚಾಚಿಕೊಂಡು ತೆವಳತೊಡಗುತ್ತದೆ. ಇದು ಕ್ಯಾನ್ಸರ್ ಕಂಡುಹಿಡಿದ ವಿದ್ಯೆಯಲ್ಲ. ಗರ್ಭದಲ್ಲಿ ಭ್ರೂಣ ಬೆಳೆಯುವಾಗ ಜೀವಕೋಶಗಳು ಹೀಗೇ ಜಾಗ ಬದಲಿಸುತ್ತವೆ.

ರಕ್ತಕ್ಕಿಳಿದ ಜೀವಕೋಶಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಉಳಿದ ಕೆಲವು ಮೂಳೆ ಸೇರಿದವು ಅನ್ನಿ. ಸುಮ್ನೆ ಕೂರುವುದೂ ಉಂಟು, ವರ್ಷಗಟ್ಟಲೆ. ಎದ್ದರೆ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನ್ ಬಿಡುತ್ತವೆ. ಅದನ್ನು ಕೇಳಿ ಮೂಳೆ ಕಟ್ಟುವ ಜೀವಕೋಶಗಳು ರ್‍ಯಾಂಕ್‌ಎಲ್ ಎಂಬ ಇನ್ನೊಂದು ಸಂದೇಶ ಕಳಿಸುತ್ತವೆ. ಅದರಿಂದ ಮೂಳೆ ಕರಗಿಸುವ ಜೀವಕೋಶಗಳು ಹೆಚ್ಚುತ್ತವೆ. ಮೂಳೆ ಕರಗಿದಾಗ ಅದರೊಳಗೆ ಕೂಡಿಟ್ಟಿದ್ದ ಏನು ಹೊರಬರುತ್ತದೆ ಹೇಳಿ? ಮತ್ತೆ ಅದೇ ಟಿಜಿಎಫ್-ಬೀಟಾ! ಅದು ತಗುಲಿದ ಕ್ಯಾನ್ಸರ್ ಜೀವಕೋಶ ಇನ್ನಷ್ಟು ಪಿಟಿಎಚ್‌ಆರ್‌ಪಿ ಬಿಡುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ. ಮೂಳೆ ನೋವು, ಸಣ್ಣ ಏಟಿಗೇ ಮುರಿಯುವುದು, ಎಲ್ಲ ಇದರ ಫಲ.

ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದು ರ್‍ಯಾಂಕ್‌ಎಲ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಕ್ಯಾನ್ಸರ್ ವಾಸಿಮಾಡುವ ಮದ್ದಲ್ಲ, ಆದರೆ ಮೂಳೆ ಮುರಿಯುವುದು ಕಡಿಮೆಯಾಗುತ್ತದೆ. ಕೆಲವು ಗಂಟುಗಳಲ್ಲಿ ಹರ್‌-2 ಜೀನ್‌ನ ಪ್ರತಿಗಳು ವಿಪರೀತ ಇರುತ್ತವೆ, 'ಬೆಳೆಯುತ್ತಾ ಹೋಗು' ಎಂಬ ಸಂದೇಶ ನಿಲ್ಲುವುದೇ ಇಲ್ಲ. ಅದಕ್ಕೆ 1998ರಿಂದ ಟ್ರಾಸ್ಟುಜುಮ್ಯಾಬ್ ಎಂಬ ಮದ್ದು ಇದೆ.

ಹಾಗಾದರೆ ಟಿಜಿಎಫ್-ಬೀಟಾವನ್ನೇ ತಡೆದುಬಿಡಬಾರದೇ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ಅದು ಯಾವ ಜೀವಕೋಶಗಳಿಗೆ ಇನ್ನೂ 'ಸಾಕು' ಎನ್ನುತ್ತಿದೆಯೋ ಅಂಥವು ಮೈತುಂಬ ಇವೆಯಲ್ಲ, ಅವಕ್ಕೂ ಆ ಮಾತು ನಿಂತುಹೋಗುತ್ತದೆ.