ನಿಮ್ಮ ಫೈಲ್ ಅಪೂರ್ಣ

ಕೇಳುಗರೇ, ನಮಸ್ಕಾರ.

ದೆಹಲಿಗೆ ಹೋದವರು ಲೋಟಸ್ ಟೆಂಪಲ್ ನೋಡದೆ ಬರುವುದು ಕಡಿಮೆ. ಚಪ್ಪಲಿ ಬಿಟ್ಟು, ಸಾಲಿನಲ್ಲಿ ನಿಂತು ಒಳಗೆ ಹೋದರೆ ಅಲ್ಲಿ ವಿಗ್ರಹ ಇಲ್ಲ, ಪ್ರವಚನ ಇಲ್ಲ. ಯಾರು ಬೇಕಾದರೂ ಸುಮ್ನೆ ಕೂತು ತಮ್ಮ ದೇವರನ್ನು ನೆನೆಯಬಹುದು. ಅದು ಬಹಾಯಿ ಧರ್ಮದವರ ಪ್ರಾರ್ಥನಾ ಮಂದಿರ. 1986ರಲ್ಲಿ ಉದ್ಘಾಟನೆ ಆಯಿತು. ವಿನ್ಯಾಸ ಮಾಡಿದ ಫರಿಬೊರ್ಜ್ ಸಹಬಾ ಇರಾನಿನ ಬಹಾಯಿ. ಓದಿದ್ದು ತೆಹರಾನ್ ವಿಶ್ವವಿದ್ಯಾಲಯದಲ್ಲಿ. ಇವತ್ತು ಅವರದೇ ಧರ್ಮದ ಮಕ್ಕಳು ಬಹಾಯಿಗಳೆಂದು ಹೇಳಿಕೊಂಡರೆ ಆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವುದಿಲ್ಲ.

ಈ ಧರ್ಮ ಹುಟ್ಟಿದ್ದೇ ಇರಾನಿನಲ್ಲಿ, 19ನೇ ಶತಮಾನದಲ್ಲಿ. ಈಗಲೂ ಅಲ್ಲಿ ಸುಮಾರು 3 ಲಕ್ಷ ಬಹಾಯಿಗಳಿದ್ದಾರೆ. ಆದರೆ 1979ರ ಇಸ್ಲಾಮಿಕ್ ಕ್ರಾಂತಿಯ ನಂತರ ಬಂದ ಸಂವಿಧಾನದ 13ನೇ ವಿಧಿ ಒಪ್ಪುವುದು ಮೂರೇ ಅಲ್ಪಸಂಖ್ಯಾತ ಧರ್ಮಗಳನ್ನು: ಜರತುಷ್ಟ್ರರು, ಯೆಹೂದಿಗಳು, ಕ್ರೈಸ್ತರು. ಬಹಾಯಿಗಳು ಲೆಕ್ಕಕ್ಕೇ ಇಲ್ಲ.

ಮೊದಲ ವರ್ಷಗಳಲ್ಲಿ ರಕ್ತ ಹರಿಯಿತು. 200ಕ್ಕೂ ಹೆಚ್ಚು ಜನರನ್ನು ಕೊಂದರು. 1983ರ ಜೂನ್‌ನಲ್ಲಿ ಶಿರಾಜ್ ಊರಿನಲ್ಲಿ ಒಂದೇ ರಾತ್ರಿ 10 ಹೆಂಗಸರನ್ನು ಗಲ್ಲಿಗೆ ಹಾಕಿದರು. ಎಲ್ಲರಿಗಿಂತ ಚಿಕ್ಕವಳಿಗೆ 17 ವರ್ಷ. ಮಕ್ಕಳಿಗೆ ಧರ್ಮದ ಪಾಠ ಹೇಳಿದ್ದು ಅವಳ ಅಪರಾಧಗಳಲ್ಲಿ ಒಂದು! ಅವರನ್ನು ಹೂತ ಸ್ಮಶಾನವನ್ನೂ 2014ರಲ್ಲಿ ಅಗೆದು ಹಾಕಿದರು.

ಹೊರದೇಶಗಳಲ್ಲಿ ಕೂಗು ಎದ್ದಿತು. ಆಮೇಲೆ ಸರ್ಕಾರ ದಾರಿ ಬದಲಿಸಿತು. 1991ರಲ್ಲಿ ಒಂದು ಗುಟ್ಟಿನ ಆದೇಶ ಸಿದ್ಧವಾಯಿತು. 1993ರಲ್ಲಿ ವಿಶ್ವಸಂಸ್ಥೆಯ ಮೂಲಕ ಅದು ಬಯಲಾಯಿತು. ಬಹಾಯಿಗಳು ಮೇಲೆ ಬರದಂತೆ ತಡೆಯಬೇಕು, ವಿಶ್ವವಿದ್ಯಾಲಯದಲ್ಲಿ ಗುರುತು ಸಿಕ್ಕಿದರೆ ಹೊರಗೆ ಹಾಕಬೇಕು ಅಂತ ಅದರಲ್ಲಿದೆ. ನನಗೆ ಇದು ಗಲ್ಲಿಗಿಂತ ಕಡಿಮೆ ಕ್ರೂರ ಅನ್ನಿಸುವುದಿಲ್ಲ. ಒಂದು ಸಮುದಾಯವನ್ನು ಸದ್ದಿಲ್ಲದೆ ಮುಗಿಸುವ ಲೆಕ್ಕಾಚಾರ ಇದು.

ಅದು ಹೇಗೆ ನಡೆಯುತ್ತದೆ ನೋಡಿ. ಸಿಇಟಿ ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ಎಷ್ಟು ಗಾಬರಿ ಇರುತ್ತದೆ, ಅಲ್ವಾ? ಅಲ್ಲಿಯೂ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಇದೆ, ಕೊಂಕೂರ್ ಅನ್ನುತ್ತಾರೆ. ಹಗಲು ರಾತ್ರಿ ಓದಿ ಬರೆದ ಹುಡುಗಿ ಕಂಪ್ಯೂಟರ್ ಮುಂದೆ ಕೂತು ತನ್ನ ನಂಬರ್ ಹಾಕುತ್ತಾಳೆ. ರ್‍ಯಾಂಕ್ ಬರುವ ಜಾಗದಲ್ಲಿ ‘ನಿಮ್ಮ ಫೈಲ್ ಅಪೂರ್ಣ’ ಅಂತ ಬರುತ್ತದೆ. ಏನು ಕೊಟ್ಟರೆ ಪೂರ್ತಿಯಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ವರ್ಷ ವರ್ಷವೂ ಎಷ್ಟೋ ಬಹಾಯಿ ಮಕ್ಕಳು ಈ ಒಂದು ಸಾಲು ನೋಡಿ ಎದ್ದಿದ್ದಾರೆ.

ಗುರುತಿನ ಚೀಟಿಯದ್ದೂ ಇದೇ ಕತೆ. ಮೊದಲು ಅರ್ಜಿಯಲ್ಲಿ ‘ಇತರೆ ಧರ್ಮ’ ಅಂತ ಒಂದು ಆಯ್ಕೆ ಇತ್ತು. 2020ರಲ್ಲಿ ಅದನ್ನೂ ತೆಗೆದರು. ಒಪ್ಪಿತ ಧರ್ಮಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಕೆಲಸ ಸಲೀಸು. ಆದರೆ ತಮ್ಮ ನಂಬಿಕೆಯನ್ನು ಇಲ್ಲ ಅನ್ನುವುದು ಬಹಾಯಿಗಳಿಗೆ ಸಲ್ಲದು. ಒಂದೇ ಒಂದು ಸುಳ್ಳು ಹೇಳಿ, ಎಲ್ಲ ಕೊಡುತ್ತೇವೆ ಅಂತ ಸರ್ಕಾರವೇ ತನ್ನ ಪ್ರಜೆಗೆ ಹೇಳಿದ ಹಾಗಾಯಿತು. ಇದಕ್ಕಿಂತ ಅವಮಾನ ಇನ್ನೇನಿದೆ?

ಇವರು ಇಸ್ರೇಲಿನ ಏಜೆಂಟರು ಅನ್ನುವ ಆರೋಪ ಹಳೆಯದು. ಬಹಾಯಿಗಳ ವಿಶ್ವಕೇಂದ್ರ ಇಸ್ರೇಲಿನ ಹೈಫಾ ಊರಿನಲ್ಲಿ ಇರುವುದು ನಿಜ. ಯಾಕೆ ಅಲ್ಲಿದೆ? ಆಟೊಮನ್ ಸುಲ್ತಾನರ ಸರ್ಕಾರ ಈ ಧರ್ಮದ ಸ್ಥಾಪಕ ಬಹಾಉಲ್ಲಾ ಅವರನ್ನು ಕೈದಿಯಾಗಿ ಅಲ್ಲೇ ಪಕ್ಕದ ಅಕ್ಕಾ ಕೋಟೆಗೆ ಕಳಿಸಿತ್ತು. ಅದು 1868. ಇಸ್ರೇಲ್ ಹುಟ್ಟಿದ್ದು ಅದಾಗಿ 80 ವರ್ಷದ ಮೇಲೆ.

ಸೀಟು ಸಿಗದಿದ್ದಾಗ ಬಹಾಯಿಗಳು 1987ರಲ್ಲಿ ತಾವೇ ಒಂದು ಉನ್ನತ ಶಿಕ್ಷಣ ಸಂಸ್ಥೆ ಕಟ್ಟಿದರು. ಕಟ್ಟಡ ಇಲ್ಲ. ಯಾರದೋ ಮನೆಯ ನಡುಮನೆಯಲ್ಲಿ ಪಾಠ. ಕೆಲಸದಿಂದ ತೆಗೆದು ಹಾಕಿದ್ದ ಪ್ರಾಧ್ಯಾಪಕರೇ ಮೇಷ್ಟ್ರು. ಇಲ್ಲಿ ಓದಿದವರನ್ನು ಹೊರದೇಶದ ಎಷ್ಟೋ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಓದಿಗೆ ಸೇರಿಸಿಕೊಂಡಿವೆ. ಇರಾನಿನಲ್ಲಿ ಮಾತ್ರ ಆ ಪದವಿಗೆ ಬೆಲೆ ಇಲ್ಲ. 1998ರಲ್ಲಿ ಮತ್ತು 2011ರಲ್ಲಿ ಮನೆಗಳ ಮೇಲೆ ದಾಳಿ ಮಾಡಿ ಮೇಷ್ಟ್ರುಗಳನ್ನು ಹಿಡಿದುಕೊಂಡು ಹೋದರು.

ಈ ಸಂಸ್ಥೆಯನ್ನು ನಡೆಸಿದವರಲ್ಲಿ ಮಹ್ವಶ್ ಸಾಬೆತ್ ಒಬ್ಬರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಬಹಾಯಿ ಅನ್ನುವ ಕಾರಣಕ್ಕೆ ಕೆಲಸ ಕಳೆದುಕೊಂಡರು. 2008ರಲ್ಲಿ ಬಂಧನವಾಗಿ ಸುಮಾರು ಹತ್ತು ವರ್ಷ ಜೈಲಿನಲ್ಲಿದ್ದರು. ಅಲ್ಲೇ ಕವಿತೆ ಬರೆದರು. 2017ರಲ್ಲಿ ಬಿಡುಗಡೆ ಆಯಿತು. 2022ರ ಜುಲೈನಲ್ಲಿ ಮತ್ತೆ ಹಿಡಿದು ಇನ್ನೂ ಹತ್ತು ವರ್ಷ ಹಾಕಿದರು. ಆಗ ಅವರಿಗೆ 69 ವರ್ಷ. ಅವರ ಹೆಸರು ಕನ್ನಡದ ಮನೆಗಳಲ್ಲೂ ಒಮ್ಮೆ ಕೇಳಿಸಲಿ ಅಂತಲೇ ಇಷ್ಟು ಹೇಳಿದೆ.

ನಮಸ್ಕಾರ.