ಟಬ್ ತೇಲಿದ ಮೇಲೇ ಒಗೆಯಲು ಶುರುಮಾಡುವ ವಾಷಿಂಗ್ ಮೆಷಿನ್

[ಕ್ಯಾಮೆರಾ ಮೇಲಿನಿಂದ. ಮುಚ್ಚಳ ತೆರೆದ ಮೆಷಿನ್. ನೀರು ಬೀಳುವ ಸದ್ದು ಮಾತ್ರ.]

ಒಳಗಿನ ಟಬ್‌ನ ಅಂಚನ್ನೇ ನೋಡುತ್ತಾ ಇರಿ.

ನೀರು ಏರುತ್ತಿದೆ, ಬಟ್ಟೆ ನೆನೆಯುತ್ತಿದೆ. ಇದರಲ್ಲಿ ಹೊಸದೇನಿಲ್ಲ. ಇನ್ನೂ ಸ್ವಲ್ಪ ತಾಳಿ. ಈಗ! ನೋಡಿದಿರಾ? ಟಬ್ ಮೆಲ್ಲಗೆ ಅಲ್ಲಾಡಿತು, ಹಾಗೇ ಮೇಲಕ್ಕೆ ಬಂತು. ಅದನ್ನು ಯಾವ ಮೋಟಾರೂ ಎತ್ತಲಿಲ್ಲ, ಯಾವ ಲಿವರೂ ತಳ್ಳಲಿಲ್ಲ. ದೋಣಿಯ ಹಾಗೆ ತಾನೇ ತೇಲಿತು.

[ನಿರೂಪಕರು ಮೆಷಿನ್ ಪಕ್ಕದಲ್ಲಿ.]

ನಮಸ್ಕಾರ. ಇದು ಫಿಶರ್ ಅಂಡ್ ಪೈಕೆಲ್ ಕಂಪನಿಯ ಸ್ಮಾರ್ಟ್‌ಡ್ರೈವ್. ಕಂಪನಿ ಶುರುವಾದದ್ದು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ, 1934ರಲ್ಲಿ. ಈ ಮೆಷಿನ್ ಬಂದದ್ದು 1991ರಲ್ಲಿ. ವಾಷಿಂಗ್ ಮೆಷಿನ್‌ಗಳ ಹುಚ್ಚು ಹಿಡಿದವರು ನಾಲ್ಕು ಜನ ಸೇರಿದರೆ ಇದರ ಮಾತು ಬಂದೇ ಬರುತ್ತದೆ. ಬಂದ ಕೂಡಲೇ ಎರಡು ಪಕ್ಷ ಆಗುತ್ತದೆ. ಟಾಪ್ ಲೋಡ್‌ನಲ್ಲಿ ಇಷ್ಟು ಚೆನ್ನಾಗಿ ಹಿಂಡುವುದು, ಇಷ್ಟು ನಯವಾಗಿ ಒಗೆಯುವುದು ಅಪರೂಪ ಅಂತ ಒಂದು ಪಕ್ಷ. ಬಟ್ಟೆ ಸ್ವಲ್ಪ ಜಾಸ್ತಿಯಾದರೂ ತಕರಾರು ಮಾಡುತ್ತದೆ ಅಂತ ಇನ್ನೊಂದು ಪಕ್ಷ. ನನ್ನ ಪ್ರಕಾರ ಎರಡೂ ಸರಿ. ಎರಡಕ್ಕೂ ಬೇರು ಒಂದೇ. ಗೇರ್‌ಬಾಕ್ಸೇ ಬೇಡ ಅಂತ ಅದರ ಎಂಜಿನಿಯರ್‌ಗಳು ಮಾಡಿದ ತೀರ್ಮಾನ.

ಮೊದಲು ಅವರ ಮುಂದಿದ್ದ ಸಮಸ್ಯೆ ನೋಡೋಣ.

ನಡುವೆ ಅಜಿಟೇಟರ್, ಅಂದರೆ ಬಟ್ಟೆ ಅಲುಗಿಸುವ ಕಂಬ, ಇರುವ ಟಾಪ್ ಲೋಡ್ ಮೆಷಿನ್‌ಗೆ ಎರಡು ಕೆಲಸ. ಒಗೆಯುವಾಗ ಟಬ್ ಸುಮ್ನೆ ಇರಬೇಕು, ಅಜಿಟೇಟರ್ ಮಾತ್ರ ಕಡೆಗೋಲಿನ ಹಾಗೆ ಆ ಕಡೆ ಈ ಕಡೆ ಆಡಬೇಕು. ಹಿಂಡುವಾಗ ಟಬ್, ಅಜಿಟೇಟರ್ ಎರಡೂ ಸೇರಿ ಒಂದೇ ದಿಕ್ಕಿಗೆ ಜೋರಾಗಿ ತಿರುಗಬೇಕು. ಒಂದೇ ಮೋಟಾರ್‌ನಿಂದ ಇವೆರಡೂ ಆಗಬೇಕು ಅಂದರೆ ಹಳೇ ಮೆಷಿನ್‌ಗಳಿಗೆ ಬೆಲ್ಟ್, ಗೇರ್‌ಬಾಕ್ಸ್, ಕ್ಲಚ್, ಬ್ರೇಕ್ ಎಲ್ಲವೂ ಬೇಕಿತ್ತು. ಇವೆಲ್ಲ ಸವೆಯುತ್ತವೆ, ಸದ್ದು ಮಾಡುತ್ತವೆ.

[ಮೇಜಿನ ಮೇಲೆ ಬಿಚ್ಚಿಟ್ಟ ಮೋಟಾರ್. ಹತ್ತಿರದ ಶಾಟ್.]

ಸ್ಮಾರ್ಟ್‌ಡ್ರೈವ್‌ನಲ್ಲಿ ಇರುವುದು ಇಷ್ಟೇ. ತಟ್ಟೆಯ ಹಾಗೆ ಅಗಲವಾದ, ಚಪ್ಪಟೆ ಮೋಟಾರ್. ಒಳಗೆ ಸುತ್ತಲೂ ತಾಮ್ರದ ಸುರುಳಿಗಳು. ಹಳೇ ಮಾಡೆಲ್‌ಗಳಲ್ಲಿ 42, ಆಮೇಲಿನವುಗಳಲ್ಲಿ 36. ಹೊರಗೆ ಅಯಸ್ಕಾಂತಗಳನ್ನು ಕೂರಿಸಿದ ಈ ಬುಟ್ಟಿ. ತಿರುಗುವುದು ಬುಟ್ಟಿ, ಸುರುಳಿಗಳು ಅಲ್ಲ. ಬುಟ್ಟಿಯ ನಡುವಿನ ಶಾಫ್ಟ್ ನೇರವಾಗಿ ಮೇಲೆ ಹೋಗಿ ಅಜಿಟೇಟರ್‌ಗೆ ಸೇರುತ್ತದೆ. ನಡುವೆ ಬೆಲ್ಟ್ ಇಲ್ಲ, ಗೇರ್ ಇಲ್ಲ.

ಹಾಗಾದರೆ ಟಬ್ಬನ್ನು ಬೇಕಾದಾಗ ಹಿಡಿಯುವುದು, ಬೇಡವಾದಾಗ ಬಿಡುವುದು ಯಾರು?

[ಕ್ಲಚ್‌ನ ಎರಡು ಭಾಗ, ಎರಡು ಕೈಯಲ್ಲಿ.]

ಇದು ಶಾಫ್ಟ್‌ಗೆ ಕೂರುವ ಭಾಗ, ಹಲ್ಲುಗಳಿವೆ. ಇದು ಟಬ್‌ನ ತಳಕ್ಕೆ ಸೇರಿದ ಭಾಗ, ಇದಕ್ಕೂ ಹಲ್ಲುಗಳಿವೆ. ಟಬ್ ಕೆಳಗೆ ಕೂತಾಗ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುತ್ತದೆ, ಎರಡೂ ಒಟ್ಟಿಗೆ ತಿರುಗುತ್ತವೆ. ಟಬ್ ಮೇಲೆ ಎದ್ದರೆ ಕಚ್ಚು ಬಿಡುತ್ತದೆ, ಅಜಿಟೇಟರ್ ಒಂದೇ ಆಡುತ್ತದೆ. ಎತ್ತುವ ಕೆಲಸ ನೀರಿನದು. ಟಬ್‌ನ ತಳದಲ್ಲಿ ಗಾಳಿ ಸಿಕ್ಕಿಕೊಳ್ಳುವ ಜಾಗ ಮಾಡಿದ್ದಾರೆ. ಒಂದು ಲೋಟವನ್ನು ಬೋರಲು ಹಿಡಿದು ಬಕೆಟ್ ನೀರಿಗೆ ಒತ್ತಿ ನೋಡಿ, ಕೈಯನ್ನು ಮೇಲಕ್ಕೆ ತಳ್ಳುತ್ತದೆ ಅಲ್ವಾ? ಅದೇ ಬಲ. ಪಕ್ಕಕ್ಕೆ ಸರಿದ ಒಂದೊಂದು ಲೀಟರ್ ನೀರೂ ಒಂದು ಕಿಲೋ ಭಾರವನ್ನು ಎತ್ತುತ್ತದೆ.

ಒಗೆದಾದ ಮೇಲೆ ನೀರು ಹೊರಗೆ ಹೋಗುತ್ತದೆ. ಟಬ್ ಇಳಿದು ಕೂರುತ್ತದೆ. ಹಲ್ಲು ಕಚ್ಚುತ್ತದೆ. ಹಿಂಡುವುದಕ್ಕೆ ಸಿದ್ಧ. ನೀರು ಹೇಗೂ ತುಂಬಲೇಬೇಕು, ಹೇಗೂ ಖಾಲಿಯಾಗಲೇಬೇಕು. ಅದನ್ನೇ ಕ್ಲಚ್ ಎಳೆಯುವ ಕೈಯಾಗಿ ಮಾಡಿಕೊಂಡರಲ್ಲ, ಎಷ್ಟು ಸಲ ನೋಡಿದರೂ ನನಗೆ ಖುಷಿಯಾಗುತ್ತದೆ.

[ಮತ್ತೆ ಮೆಷಿನ್. ನೀರು ತುಂಬುವಾಗ ಅಜಿಟೇಟರ್ ಸಣ್ಣಗೆ ಅಲ್ಲಾಡುವ ದೃಶ್ಯ.]

ನೀರು ತುಂಬುವಾಗ ಅಜಿಟೇಟರ್ ಆಗಾಗ ಸ್ವಲ್ಪ ಮಿಸುಕುತ್ತದೆ, ಗಮನಿಸಿ. ಟಬ್ ತೇಲಿತಾ ಇಲ್ಲವಾ ಅಂತ ಮೋಟಾರ್ ತಡವಿ ನೋಡುತ್ತಿದೆ. ಟಬ್ ಜೊತೆಗೇ ಇದ್ದರೆ ಭಾರ, ಬಿಟ್ಟಿದ್ದರೆ ಹಗುರ. ಇದಕ್ಕಾಗಿ ಬೇರೆ ಸೆನ್ಸರ್ ಹಾಕಿಲ್ಲ.

ಇನ್ನು ಒಗೆತ ಹೇಗೆ ಅನ್ನುವ ಮಾತು. ಗೇರ್‌ಬಾಕ್ಸ್ ಮೆಷಿನ್‌ನಲ್ಲಿ ಅಜಿಟೇಟರ್ ಎಷ್ಟು ದೂರ ಆಡಬೇಕು ಅನ್ನುವುದು ಕಬ್ಬಿಣದಲ್ಲೇ ತೀರ್ಮಾನವಾಗಿರುತ್ತದೆ. ಜಂಟಲ್ ಒತ್ತಿದರೆ ವೇಗ ಕಡಿಮೆಯಾಗಬಹುದು, ಅಷ್ಟೇ. ಇಲ್ಲಿ ಎಷ್ಟು ಡಿಗ್ರಿ ತಿರುಗಬೇಕು, ಎಷ್ಟು ಬೇಗ ಶುರುವಾಗಬೇಕು, ತುದಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲ ಸಾಫ್ಟ್‌ವೇರ್ ಹೇಳುತ್ತದೆ. ತೆಳು ಬಟ್ಟೆಗೆ ತೂಗುವ ಹಾಗೆ, ಮಣ್ಣು ಹಿಡಿದ ಪ್ಯಾಂಟಿಗೆ ಜಾಡಿಸುವ ಹಾಗೆ. ಬಟ್ಟೆ ಎಷ್ಟು ತಡೆ ಕೊಡುತ್ತಿದೆ ಅನ್ನುವುದೂ ಮೋಟಾರ್‌ಗೆ ಗೊತ್ತಾಗುತ್ತದೆ, ಅದಕ್ಕೆ ತಕ್ಕಂತೆ ಆಟ ಬದಲಾಗುತ್ತದೆ. ಒಂದು ನಿಮಿಷ ಕಣ್ಣು ಮುಚ್ಚಿ ಇದರ ಸದ್ದು ಕೇಳಿ.

[ಹತ್ತು ಸೆಕೆಂಡ್ ಮಾತಿಲ್ಲ. ನೀರಿನ ಸದ್ದು ಮಾತ್ರ.]

ಗೇರ್‌ಗಳ ಗರಗರ ಇಲ್ಲ. ಕೇಳುವುದು ನೀರು ಮಾತ್ರ.

ಹಿಂಡುವಾಗ ನಿಮಿಷಕ್ಕೆ 1000 ಸುತ್ತಿನ ಆಸುಪಾಸು ಹೋಗುತ್ತದೆ. ಇದೇನು ದೊಡ್ಡದು ಅನ್ನಿಸಿದರೆ ಒಂದು ಲೆಕ್ಕ ಮಾಡೋಣ. ಅರ್ಧ ಮೀಟರ್ ಅಗಲದ ಟಬ್ ಅಂದುಕೊಳ್ಳಿ. ನಿಮಿಷಕ್ಕೆ 700 ಸುತ್ತು ತಿರುಗಿದರೆ ಅಂಚಿನಲ್ಲಿರುವ ಬಟ್ಟೆಯ ಮೇಲೆ ಗುರುತ್ವದ ಸುಮಾರು 137 ಪಟ್ಟು ಬಲ. 1000 ಸುತ್ತಿಗೆ ಅದು ಸುಮಾರು 280 ಪಟ್ಟು. ವೇಗ ಒಂದೂವರೆ ಪಟ್ಟೂ ಹೆಚ್ಚಾಗಲಿಲ್ಲ, ಬಲ ಎರಡು ಪಟ್ಟು ಆಯಿತು. ದಪ್ಪ ಟವೆಲ್ ಹೊರಗೆ ತೆಗೆದಾಗ ಇದು ಕೈಗೇ ಗೊತ್ತಾಗುತ್ತದೆ.

ಈಗ ಎರಡನೇ ಪಕ್ಷದವರ ಮಾತಿಗೆ ಬರೋಣ. ಅವರ ದೂರು ಸುಮ್ನೆ ಹುಟ್ಟಿದ್ದಲ್ಲ.

[ಟಬ್ ತುಂಬ ಬೆಡ್‌ಶೀಟ್ ತುರುಕುವ ದೃಶ್ಯ.]

ನೀರಲ್ಲಿ ಮುಳುಗಿದ ಬಟ್ಟೆಯ ಭಾರ ಟಬ್‌ಗೆ ಅಷ್ಟಾಗಿ ತಟ್ಟುವುದಿಲ್ಲ, ನೀರೇ ಹೊತ್ತುಕೊಳ್ಳುತ್ತದೆ. ಆದರೆ ನೀರಿನ ಮಟ್ಟಕ್ಕಿಂತ ಮೇಲೆ ರಾಶಿ ಬಿದ್ದಿರುವ ಬಟ್ಟೆ ಪೂರ್ತಿ ಭಾರ ಹಾಕುತ್ತದೆ, ಅದರಲ್ಲೂ ನೆನೆದಿದ್ದರೆ. ಟಬ್ ಎದ್ದೇಳುವುದಿಲ್ಲ. ಹಲ್ಲು ಬಿಡುವುದಿಲ್ಲ. ಟಬ್ ತೇಲದಿದ್ದರೆ ಈ ಮೆಷಿನ್ ಒಗೆಯಲಾರದು, ಹಾಗಾಗಿ ಎರರ್ ತೋರಿಸಿ ನಿಲ್ಲುತ್ತದೆ. ಬೇರೆ ಟಾಪ್ ಲೋಡ್ ಆಗಿದ್ದರೆ ಹೇಗೋ ತಿಣುಕಾಡಿಕೊಂಡು ಮುಗಿಸುತ್ತಿತ್ತು. ಹಾಗೆ ಮುಗಿಸಿದ ಒಗೆತದಲ್ಲಿ ನಡುವಿನ ಬಟ್ಟೆ ಅಲ್ಲಾಡಿಯೇ ಇರುವುದಿಲ್ಲ ಅನ್ನುವುದು ಬೇರೆ ಮಾತು. ಬಟ್ಟೆಯನ್ನು ಒತ್ತಿ ತುರುಕಬೇಡಿ, ಅಜಿಟೇಟರ್ ಸುತ್ತ ಸಡಿಲವಾಗಿ ಹಾಕಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಇನ್ನೊಂದು ಕೊರತೆ ನೀರಿನದು. ಎರಡೇ ಅಂಗಿ ಹಾಕಿದರೂ ಟಬ್ ತೇಲುವಷ್ಟು ನೀರು ಬೇಕೇ ಬೇಕು. ಅದಕ್ಕಿಂತ ಕಡಿಮೆಯಲ್ಲಿ ಅಜಿಟೇಟರ್ ಒಂದೇ ಆಡಲಾರದು. ಮುಂದೆ ಬಂದ ಕೆಲವು ಮಾಡೆಲ್‌ಗಳಲ್ಲಿ ಇದಕ್ಕೆ ಒಂದು ದಾರಿ ಹುಡುಕಿದರು. ಮೊದಲು ಸ್ವಲ್ಪವೇ ನೀರಲ್ಲಿ ಸೋಪು ಗಟ್ಟಿಯಾಗಿ ಕರಗಿಸಿ, ಟಬ್ ತಿರುಗುತ್ತಿರುವಾಗ ಅದೇ ನೀರನ್ನು ಮತ್ತೆ ಮತ್ತೆ ಬಟ್ಟೆಯ ಮೇಲೆ ಸುರಿಯುವುದು. ಈ ಹಂತದಲ್ಲಿ ಟಬ್ ತೇಲಬೇಕಿಲ್ಲ. ತೇಲಿಸಿ ಅಲುಗಿಸುವುದು ಆಮೇಲೆ. ಕಲೆ ಬಿಡಿಸುವುದರಲ್ಲಿ ಇದು ನಿಜಕ್ಕೂ ಒಳ್ಳೆಯ ಉಪಾಯ, ಗಟ್ಟಿ ಸೋಪಿನ ನೀರು ಬಟ್ಟೆಗೆ ನೇರವಾಗಿ ಸಿಗುತ್ತದಲ್ಲ.

ನೊರೆಯ ಬಗ್ಗೆಯೂ ಒಂದು ಮಾತು. ಪುಡಿ ಜಾಸ್ತಿ ಹಾಕಿದರೆ ಒಳಗಿನ ಟಬ್, ನೀರು ನಿಲ್ಲುವ ಹೊರಗಿನ ಟಬ್ ಎರಡರ ನಡುವೆ ನೊರೆ ತುಂಬಿ, ಹಿಂಡುವಾಗ ಟಬ್ಬನ್ನು ಹಿಡಿದುಕೊಳ್ಳುತ್ತದೆ.

[ಕಂಟ್ರೋಲ್ ಬೋರ್ಡ್. ನೀರಿನ ಪೈಪ್ ಅದರ ಪಕ್ಕದಲ್ಲೇ ಹಾದುಹೋಗುವುದು ಕಾಣುತ್ತದೆ.]

ಇದನ್ನು ತೋರಿಸದೆ ಮುಗಿಸಲು ಮನಸ್ಸಿಲ್ಲ. ಇಷ್ಟು ದೊಡ್ಡ ಮೋಟಾರ್ ನಡೆಸುವ ಎಲೆಕ್ಟ್ರಾನಿಕ್ಸ್ ಬಿಸಿಯಾಗುತ್ತದೆ. ಅದಕ್ಕೆ ಫ್ಯಾನ್ ಹಾಕಲಿಲ್ಲ. ಒಳಗೆ ಬರುವ ತಣ್ಣೀರನ್ನೇ ಅದರ ಪಕ್ಕದಿಂದ ಹಾಯಿಸಿ ತಂಪು ಮಾಡಿದರು. ಹಾಗಾಗಿ ತಣ್ಣೀರಿನ ವಾಲ್ವ್ ಇರುವ ಜಾಗಕ್ಕೂ ಒಂದು ಕಾರಣ ಇದೆ. ರಿಪೇರಿ ಮಾಡುವವರು ಇದನ್ನು ನೆನಪಿಡಬೇಕು.

[ಕೊನೆಯ ಶಾಟ್. ಮೋಟಾರ್ ಕೈಯಲ್ಲಿ, ಬುಟ್ಟಿಯನ್ನು ಬೆರಳಿನಿಂದ ತಿರುಗಿಸುತ್ತಾ.]

ಕೆಟ್ಟುಹೋದ ಸ್ಮಾರ್ಟ್‌ಡ್ರೈವ್ ಸಿಕ್ಕರೆ ಗುಜರಿಗೆ ಹಾಕುವ ಮುಂಚೆ ಈ ಮೋಟಾರ್ ತೆಗೆದಿಟ್ಟುಕೊಳ್ಳಿ. ಕರೆಂಟ್ ಕೊಟ್ಟರೆ ತಿರುಗುವ ಇದು, ನೀವು ತಿರುಗಿಸಿದರೆ ಕರೆಂಟ್ ಕೊಡುತ್ತದೆ. ಇದರ ಮೂರು ವೈರ್‌ಗಳನ್ನು ಒಂದು ರೆಕ್ಟಿಫೈಯರ್‌ಗೆ, ಅಂದರೆ ಎಸಿಯನ್ನು ಡಿಸಿ ಮಾಡುವ ಭಾಗಕ್ಕೆ, ಸೇರಿಸಿದರೆ ಬ್ಯಾಟರಿ ಚಾರ್ಜ್ ಮಾಡುವ ಡಿಸಿ ಸಿಗುತ್ತದೆ. ನ್ಯೂಜಿಲೆಂಡ್‌ನಲ್ಲಿ ಹಳ್ಳದ ನೀರಿಗೆ ಸಣ್ಣ ಚಕ್ರ ಕಟ್ಟಿ, ಅದಕ್ಕೆ ಈ ಮೋಟಾರ್ ಜೋಡಿಸಿ ಮನೆಗೆ ದೀಪ ಉರಿಸಿಕೊಂಡವರಿದ್ದಾರೆ. ಕೈಯಿಂದ ತಿರುಗಿಸುವಾಗ ಅಯಸ್ಕಾಂತಗಳು ಒಂದೊಂದಾಗಿ ತಡೆದು ಬಿಡುವುದು ಬೆರಳಿಗೆ ತಾಗುತ್ತದೆ. ಮೈಕ್ ಹತ್ತಿರ ಹಿಡಿಯುತ್ತೇನೆ, ಕೇಳಿ.

[ಟಕ ಟಕ ಟಕ. ಪರದೆ ಕಪ್ಪಾಗುತ್ತದೆ.]